ಹಲ್ಲಿರುವ ಬಾಳೆ

ಕಾರವಾರ
೧೨ ಸೆಪ್ಟೆಂಬರ್ ೨೦೨೪

ಮಾನ್ಯ ಮಾವನವರಾದ ಅಣವೀರಪ್ಪನವರಿಗೆ ನಮಸ್ಕಾರಗಳು.

ನಾನು ದಿಲೀಪ, ನಿಮ್ಮ ಮಗಳು ಭಾಗ್ಯಜ್ಯೋತಿಯ ಗಂಡ. ಮದುವೆಯಾಗಿ ಎರಡು ವರ್ಷವಾದ ಮೇಲೆ ಮಾವನಿಗೆ ಹೀಗೆ ಪರಿಚಯ ಹೇಳಿಕೊಳ್ಳುವುದು ವಿಚಿತ್ರವೇ. ಆದರೆ ನೀವು ಮದುವೆಗೆ ಬರಲಿಲ್ಲ, ನನ್ನ ಫೋನನ್ನೂ ಎತ್ತುವುದಿಲ್ಲ. ತನ್ನಪ್ಪ ಕಾಗದ ಬಂದರೆ ಮಾತ್ರ ಓದದೆ ಬಿಡುವುದಿಲ್ಲ, ಕರೆಂಟ್ ಬಿಲ್ಲನ್ನೂ ಹಿಂದೆ ಮುಂದೆ ತಿರುಗಿಸಿ ಓದುತ್ತಾನೆ ಎಂದು ಭಾಗ್ಯ ಹೇಳಿದಳು. ಆ ಧೈರ್ಯದಿಂದ ಬರೆಯುತ್ತಿದ್ದೇನೆ.

ಒಂದು ಸಹಾಯ ಬೇಕಾಗಿತ್ತು. ವಾರವಿಡೀ ನಾನು ಬೋಟಿನ ಎಂಜಿನ್ ರಿಪೇರಿ ಮಾಡುತ್ತೇನೆ. ರಜೆಯ ದಿನ ಬಂದರಿನ ಬಂಡೆಗಳ ಹತ್ತಿರ ಬಾಳೆ ಹಿಡಿಯುವುದು ನನ್ನ ಅಭ್ಯಾಸ. ಅಪ್ಪ ಇದ್ದಾಗಿನಿಂದ ಬಂದದ್ದು. ಈ ವರ್ಷ ಬಾಳೆ ಚೆನ್ನಾಗಿದೆ, ಆದರೆ ಹಲ್ಲಿನ ಕಾಟ ತಡೆಯಲಾಗುತ್ತಿಲ್ಲ. ಎಷ್ಟು ದಪ್ಪ ನೈಲಾನ್ ಕಟ್ಟಿದರೂ ಕಚಕ್ಕನೆ ಕತ್ತರಿಸಿಹೋಗುತ್ತದೆ. ತಂತಿಯೇ ಬೇಕು. ಅಂಗಡಿಯ ತಂತಿಯ ಗಂಟು ಎಳೆದಾಗ ಬಿಚ್ಚಿಕೊಳ್ಳುತ್ತದೆ. ನೀವು ಹಾಕಿದ ತಂತಿ ಗಂಟು ಗಿಡ ಬಿದ್ದರೂ ಬಿಚ್ಚುವುದಿಲ್ಲ ಎಂದು ಭಾಗ್ಯ ದಿನಾ ಹೇಳುತ್ತಾಳೆ. ಗೇಣುದ್ದದ ತಂತಿ, ಎರಡೂ ತುದಿಗೆ ಕುಣಿಕೆ, ಅಂಥವು ಕೆಲವನ್ನು ಮಾಡಿ ಕಳಿಸಿದರೆ ಉಪಕಾರವಾಗುತ್ತದೆ.

ಭಾಗ್ಯ ಆಸ್ಪತ್ರೆಯ ಡ್ಯೂಟಿಗೆ ಹೋಗಿದ್ದಾಳೆ. ಚೆನ್ನಾಗಿದ್ದಾಳೆ.

ತಮ್ಮ ವಿಧೇಯ,
ದಿಲೀಪ

*

ಕಮಲಾಪುರ
೨೩ ಸೆಪ್ಟೆಂಬರ್ ೨೦೨೪

ಕಾರವಾರದ ಬಾಳೆಯವರಿಗೆ,

ಕಾಗದ ತಲುಪಿತು. ನಿಮ್ಮ ದನಿ ಕೇಳುವುದಿಲ್ಲ ಎಂದು ಮಹಾಗಾಂವದಲ್ಲಿ ನಮ್ಮ ಅಣ್ಣ ರೇವಣಪ್ಪನ ಮುಂದೆ ಮಾತು ಕೊಟ್ಟಿದ್ದೇನೆ. ಕಾಗದಕ್ಕೆ ದನಿ ಇಲ್ಲವಾದ್ದರಿಂದ ಓದಿದೆ. ಇದರಿಂದ ಬೇರೇನೂ ಅರ್ಥ ಮಾಡಿಕೊಳ್ಳಬಾರದು.

ನೀವು ಬಾಳೆ ಹಿಡಿಯುತ್ತೀರಿ ಎಂದು ನನಗೆ ಯಾರೂ ಹೇಳಿರಲಿಲ್ಲ. ಎಂಜಿನ್ ರಿಪೇರಿಯವರು, ಮೀನು ತಿನ್ನುವವರು, ಇಷ್ಟೇ ಕಿವಿಗೆ ಬಿದ್ದಿತ್ತು. ನಮ್ಮಲ್ಲಿಯೂ ವ್ಯಾಪಾರಿಗಳು ತೋಟ ಹಿಡಿಯುತ್ತಾರೆ, ಗೊನೆ ಗಿಡದ ಮೇಲಿರುವಾಗಲೇ ಮಾತಾಡಿಕೊಂಡು ಹೋಗುತ್ತಾರೆ. ಬಂಡೆಯ ಹತ್ತಿರದ ಬಾಳೆಯನ್ನು ರಜೆಯ ದಿನ ಹಿಡಿಯುವವರನ್ನು ಮಾತ್ರ ಕಂಡಿಲ್ಲ. ಒಂದೊಂದು ಸೀಮೆಗೆ ಒಂದೊಂದು ಪದ್ಧತಿ. ಕಮಲಾಪುರದ ಕೆಂಪು ಬಾಳೆಯ ಹೆಸರು ನೀವು ಕೇಳಿರಬೇಕು. ನನ್ನದು ಅದೇ. ನನ್ನ ಅಜ್ಜನದೂ ಅದೇ.

ಹಲ್ಲಿನ ಕಾಟ ಇಲ್ಲಿಯೂ ಇದೆ. ಗೊನೆಯ ಭಾರಕ್ಕೆ ಗಿಡ ಬಾಗಬಾರದೆಂದು ಹಗ್ಗ ಕಟ್ಟಿದರೆ ಮಂಗಗಳು ಬಂದು ಹಲ್ಲಿನಿಂದ ಕಡಿದು ಹಾಕುತ್ತವೆ. ತಾ ಕೆಟ್ಟ ಕಪಿ ವನವನ್ನೆಲ್ಲ ಕೆಡಿಸಿತು ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ. ಅದಕ್ಕೇ ನಾನು ಹಗ್ಗ ಬಿಟ್ಟು ತಂತಿ ಹಿಡಿದದ್ದು. ನಿಮ್ಮ ಕಡೆಯ ಮಂಗಗಳ ಹಲ್ಲು ನೈಲಾನನ್ನೂ ಒಂದೇ ಏಟಿಗೆ ಕತ್ತರಿಸುತ್ತದೆ ಎಂದರೆ ಅವು ದೊಡ್ಡ ಜಾತಿಯವೇ ಇರಬೇಕು.

ತಂತಿ ಇದರ ಜೊತೆ ಕಳಿಸಿದ್ದೇನೆ. ಗೇಣುದ್ದ ಎಂದು ಬರೆದಿದ್ದೀರಿ. ಅವಸರದಲ್ಲಿ ತಪ್ಪಿರಬೇಕು, ಗೇಣುದ್ದದ ತಂತಿಯಿಂದ ಬಾಳೆಯ ಯಾವ ಭಾಗವನ್ನೂ ಕಟ್ಟಲಾಗುವುದಿಲ್ಲ. ಮಾರುದ್ದ ಮಾಡಿದ್ದೇನೆ. ಕುಣಿಕೆಗಳನ್ನು ಊಟದ ತಾಟಿನಷ್ಟು ಅಗಲ ಇಟ್ಟಿದ್ದೇನೆ, ಎಂಥ ಬಾಳೆಯೂ ಒಳಗೆ ಹಿಡಿಸುತ್ತದೆ.

ಭಾಗ್ಯಳಿಗೆ ಅವಳ ಅವ್ವ ರೊಟ್ಟಿಗೆಂದು ಶೇಂಗಾ ಹಿಂಡಿ ಕಳಿಸಿದ್ದಾಳೆ. ನಾನು ಬೇಡ ಅನ್ನಲಿಲ್ಲ, ಅಷ್ಟೆ.

ಅಣವೀರಪ್ಪ

*

ಗಾಜಿಪುರ, ಕಲಬುರಗಿ
೨೪ ಸೆಪ್ಟೆಂಬರ್ ೨೦೨೪

ಬೇಟಿ ಭಾಗ್ಯಳಿಗೆ ಜಹೀರುದ್ದೀನ್ ಚಾಚಾನ ದುವಾ.

ನಿನ್ನ ಅಪ್ಪ ನಿನ್ನೆ ನನ್ನ ಸೈಕಲ್ ಅಂಗಡಿಗೆ ಬಂದು ಕಾರವಾರಕ್ಕೆ ಒಂದು ಪಾರ್ಸೆಲ್ ಕಟ್ಟಿಸಿದ. ಎರಡು ವರ್ಷದಲ್ಲಿ ಅವನನ್ನು ಇಷ್ಟು ಖುಷಿಯಲ್ಲಿ ನೋಡಿರಲಿಲ್ಲ. ಅಳಿಯನದು ಸಮುದ್ರದ ದಂಡೆಯಲ್ಲಿ ಬಾಳೆ ಎಂದು ಹೇಳಿ, ನಿನ್ನ ಗಂಡನ ಕಾಗದವನ್ನು ನನ್ನ ಕೈಗೆ ಕೊಟ್ಟ. ಓದಿ ನೋಡಿದರೆ ನನಗೆ ನಗು ಬರಬೇಕೋ ಅಳು ಬರಬೇಕೋ ತಿಳಿಯಲಿಲ್ಲ.

ನಾನು ಅಂಗಡಿ ಹಾಕುವುದಕ್ಕೆ ಮುಂಚೆ ಲಾರಿ ಹೊಡೆಯುತ್ತಿದ್ದವನು. ಕಾರವಾರದಿಂದ ಐಸು ಹಾಕಿದ ಲೋಡು ಎಷ್ಟೋ ಸಲ ತಂದಿದ್ದೇನೆ. ಅಲ್ಲಿ ಬಾಳೆ ಅಂದರೆ ಬೆಳ್ಳಗೆ, ಪಟ್ಟಿಯ ಹಾಗೆ ಉದ್ದಕ್ಕಿರುವ ಮೀನು, ಬಾಯಿ ತುಂಬ ಹಲ್ಲು. ಇಲ್ಲಿ ಬಾಳೆ ಅಂದರೆ ನಿನ್ನ ಅಪ್ಪನ ಪ್ರಾಣ. ಅವನು ಮಂಗ ಅಂತ ತಿಳಿದಿದ್ದಾನೆ, ನಿನ್ನ ಗಂಡ ಮೀನಿನ ಮಾತಾಡಿದ್ದಾನೆ. ಮೀನು ಎಂಬ ಒಂದು ಶಬ್ದ ಯಾಕೆ ಬರೆಯಲಿಲ್ಲ ಅವನು?

ನಾನು ಬಾಯಿ ಬಿಡಲಿಲ್ಲ. ಅವನ ಮುಖ ನೋಡಿ ಬಿಡಲಾಗಲಿಲ್ಲ. ಆದರೆ ಇದು ಬಹಳ ದಿನ ನಡೆಯುವ ಮಾತಲ್ಲ ಬೇಟಿ. ಬೇರೆಯವರು ಹೇಳುವ ಮೊದಲು ನೀನೇ ಹೇಳಿಬಿಡು.

ನಿನ್ನ ಚಾಚಾ,
ಜಹೀರುದ್ದೀನ್

*

ಕಾರವಾರ
೧ ಅಕ್ಟೋಬರ್ ೨೦೨೪

ಚಾಚಾ, ಸಲಾಂ.

ತಪ್ಪು ನನ್ನದೇ. ಅಪ್ಪನಿಗೆ ಬರೆಯುವಾಗ ಮೀನು ಎಂಬ ಶಬ್ದ ಬರೆಯಬೇಡಿ, ಓದಿದ ಕೂಡಲೇ ಸ್ನಾನಕ್ಕೆ ಹೋಗುತ್ತಾನೆ ಎಂದು ಇವರಿಗೆ ನಾನೇ ಹೇಳಿದ್ದೆ. ಇವರು ಮರ್ಯಾದೆಯಿಂದ ಮೀನು ಬಿಟ್ಟು ಬರಿಯ ಬಾಳೆ ಎಂದು ಬರೆದಿದ್ದಾರೆ. ಪಾರ್ಸೆಲ್ ಬಿಚ್ಚಿ ತಾಟಿನಷ್ಟು ಅಗಲದ ಕುಣಿಕೆ ನೋಡಿ, ನಿಮ್ಮಪ್ಪ ನನ್ನನ್ನು ತಿಮಿಂಗಿಲದ ಬೇಟೆಗಾರ ಅಂತ ತಿಳಿದಿದ್ದಾರಲ್ಲ ಎಂದು ಹೆಮ್ಮೆಪಟ್ಟರು. ಅಪ್ಪನ ಕಾಗದವನ್ನು ನಾನೇ ಮೊದಲು ಒಡೆದದ್ದು. ತೋಟದ, ಮಂಗದ ವಿಷಯ ಬಿಟ್ಟು ಉಳಿದದ್ದನ್ನು ಇವರಿಗೆ ಓದಿ ಹೇಳಿದೆ. ಇವರಿಗೆ ಸುಳ್ಳು ಹೇಳಲು ಬರುವುದಿಲ್ಲ. ನಿಜ ತಿಳಿದರೆ ಅದೇ ದಿನ ಕ್ಷಮೆ ಕೇಳಿ ಕಾಗದ ಹಾಕಿಬಿಡುತ್ತಾರೆ.

ಸ್ವಲ್ಪ ದಿನ ಇರಲಿ ಚಾಚಾ. ಅಪ್ಪ ನನಗೆ ಹಿಂಡಿ ಕಳಿಸಿದ್ದಾನೆ. ಆ ಡಬ್ಬಿ ಹಿಡಿದುಕೊಂಡು ನಾನು ಅಡುಗೆಮನೆಯಲ್ಲಿ ಕುಳಿತು ಅತ್ತೆ.

ಭಾಗ್ಯ

*

ಕಾರವಾರ
೧೬ ಅಕ್ಟೋಬರ್ ೨೦೨೪

ಪೂಜ್ಯ ಮಾವನವರಿಗೆ,

ತಂತಿಗಳು ಬಂದವು. ಗಂಟು ನೋಡಿ ಬಂದರಿನ ಜನ ಬೆರಗಾದರು. ಎಳೆದರು, ಜಗ್ಗಿದರು, ಒಬ್ಬ ಹಲ್ಲಿನಿಂದಲೂ ಪ್ರಯತ್ನಿಸಿದ. ಬಿಚ್ಚಲಿಲ್ಲ. ತಮ್ಮ ಕೈ ದೊಡ್ಡದು.

ಎರಡು ಮಾತು ಅರಿಕೆ ಮಾಡಿಕೊಳ್ಳುತ್ತೇನೆ. ಇಲ್ಲಿಗೆ ಗೇಣುದ್ದವೇ ಸಾಕು, ಕುಣಿಕೆ ಹೆಸರುಕಾಳು ಹೋಗುವಷ್ಟಿದ್ದರೆ ಹೆಚ್ಚು. ಇನ್ನೊಂದು, ಈ ತಂತಿ ಉಪ್ಪುನೀರಿಗೆ ತುಕ್ಕು ಹಿಡಿಯುತ್ತಿದೆ. ಬಾಳೆ ಇರುವುದೇ ಉಪ್ಪುನೀರಿನಲ್ಲಾದ್ದರಿಂದ ಬೇರೆ ದಾರಿಯಿಲ್ಲ. ತುಕ್ಕು ಹಿಡಿಯದ ಸ್ಟೀಲ್ ತಂತಿ ನಿಮ್ಮ ಕಡೆ ಸಿಗುತ್ತದೆಯೇ?

ಕಳೆದ ಭಾನುವಾರ ಸಂಜೆ ಒಂದು ಬಾಳೆ ಸಿಕ್ಕಿತು. ಮೂರಡಿ ಉದ್ದ, ಬೆಳ್ಳಿಯ ಹಾಗೆ ಹೊಳೆಯುತ್ತಿತ್ತು. ನೆರೆಯವರಿಗೆಲ್ಲ ಹಂಚಿ ನಾವೂ ತಿಂದೆವು. ಭಾಗ್ಯ ಮುಟ್ಟಲಿಲ್ಲ, ಅವಳು ನಿಮ್ಮ ಮಗಳೇ.

ತಮ್ಮ,
ದಿಲೀಪ

*

ಕಮಲಾಪುರ
೨೭ ಅಕ್ಟೋಬರ್ ೨೦೨೪

ಬಾಳೆಯವರಿಗೆ ಶರಣು.

ನಿಮ್ಮ ಕಾಗದ ಓದಿ ರಾತ್ರಿ ಊಟ ಸೇರಲಿಲ್ಲ. ಬಾಳೆಗೆ ಉಪ್ಪುನೀರು ಹಾಯಿಸುವ ಮನುಷ್ಯನನ್ನು ನಾನು ಈ ಜನ್ಮದಲ್ಲಿ ಕಂಡಿಲ್ಲ. ನಿಮಗೆ ಹೇಳುವವರು ಕೇಳುವವರು ಯಾರೂ ಇಲ್ಲವೇ? ಉಪ್ಪುನೀರಿಗೆ ಎಲೆಯ ಅಂಚು ಸುಡುತ್ತದೆ, ಬೇರು ಕೊಳೆಯುತ್ತದೆ. ಬೆಳ್ಳಗೆ ಹೊಳೆಯುತ್ತದೆ ಎಂದು ಬರೆದಿದ್ದೀರಿ. ಅದು ಹೊಳಪಲ್ಲ, ರೋಗ. ಅದನ್ನು ನೆರೆಯವರಿಗೆ ಬೇರೆ ಹಂಚಿದ್ದೀರಿ. ಭಾಗ್ಯ ಮುಟ್ಟದೆ ಇದ್ದದ್ದು ಒಳ್ಳೆಯದಾಯಿತು, ಬಾಳೆಯ ಮನೆಯಲ್ಲಿ ಹುಟ್ಟಿದವಳಿಗೆ ಗೊತ್ತಾಗುತ್ತದೆ. ಮೂರಡಿಗೇ ಗೊನೆ ಬಿಡುವ ಗಿಡ್ಡ ತಳಿ ಇರಬಹುದು, ಅದನ್ನು ಒಪ್ಪುತ್ತೇನೆ.

ಆದರೂ ಉಪ್ಪುನೆಲದಲ್ಲಿ ಛಲ ಬಿಡದೆ ಬಾಳೆ ಮಾಡುತ್ತೀರಲ್ಲ, ಅದು ನನಗೆ ಸೇರಿತು. ಮೆತ್ತನೆಯ ಮಣ್ಣಿನಲ್ಲಿ ಯಾರು ಬೇಕಾದರೂ ಬೆಳೆಯುತ್ತಾರೆ.

ಸ್ಟೀಲ್ ತಂತಿಗಾಗಿ ಕಲಬುರಗಿಗೆ ಹೋಗಿದ್ದೆ. ಗಾಜಿಪುರದ ಜಹೀರುದ್ದೀನ್ ನನ್ನ ಹಳೆಯ ಗೆಳೆಯ, ಅವನೇ ನಾಲ್ಕು ಅಂಗಡಿ ತಿರುಗಿ ಹುಡುಕಿ ಕೊಟ್ಟ. ಈಚೆಗೆ ಅವನ ತಬಿಯತ್ತು ಸರಿ ಇಲ್ಲ. ನಿಮ್ಮ ಕಾಗದ ಓದಿ ಹೇಳುತ್ತಿದ್ದಾಗ ಕೆಮ್ಮು ಬಂತೆಂದು ಹೊರಗೆ ಎದ್ದು ಹೋದ. ಬಹಳ ಹೊತ್ತು ಬರಲಿಲ್ಲ, ಬಂದಾಗ ಕಣ್ಣಲ್ಲಿ ನೀರಿತ್ತು.

ಗೇಣುದ್ದದವೇ ಕಳಿಸಿದ್ದೇನೆ. ಹೆಸರುಕಾಳಿನ ಕುಣಿಕೆಯಲ್ಲಿ ಏನು ಕಟ್ಟುತ್ತೀರೋ ನಾ ಕಾಣೆ. ನಿಮ್ಮ ಬಾಳೆ ನಿಮ್ಮದು.

ಅಣವೀರಪ್ಪ

*

ಕಾರವಾರ
೧೦ ನವೆಂಬರ್ ೨೦೨೪

ಅಪ್ಪಾ,

ಅವ್ವನಿಗೆ ಫೋನಿನಲ್ಲಿ ಹೇಳಬಹುದಿತ್ತು. ನಿನಗೇ ಮೊದಲು ತಿಳಿಯಬೇಕೆಂದು ಬರೆಯುತ್ತಿದ್ದೇನೆ. ನೀನು ಅಜ್ಜನಾಗುತ್ತೀ. ಫೆಬ್ರುವರಿಗೆ ಏಳು ತಿಂಗಳು ಆಗುತ್ತದೆ.

ನನಗೆ ಹಸಿರು ಸೀರೆ ಉಟ್ಟುಕೊಂಡು ನಮ್ಮ ಪಡಸಾಲೆಯಲ್ಲಿ ಕುಬಸಕ್ಕೆ ಕೂಡಬೇಕೆಂಬ ಆಸೆ ಇದೆ. ಹೆರಿಗೆಗೂ ಅಲ್ಲಿಯೇ ಇರಬೇಕೆಂದಿದೆ. ಆದರೆ ಇವರನ್ನು ಬಸ್‌ಸ್ಟ್ಯಾಂಡಿನಲ್ಲಿ ನಿಲ್ಲಿಸಿ ನಾನೊಬ್ಬಳೇ ಒಳಗೆ ಬರುವುದಿಲ್ಲ. ಬಂದರೆ ಇಬ್ಬರೂ, ಇಲ್ಲದಿದ್ದರೆ ಇಬ್ಬರೂ ಇಲ್ಲ. ಇದು ಹಟವಲ್ಲ ಅಪ್ಪಾ. ನನ್ನ ಕೂಸಿನ ಅಪ್ಪ ಹೊಸ್ತಿಲ ಹೊರಗಿದ್ದರೆ ನಾನು ಒಳಗೆ ಹೇಗೆ ನಗಲಿ?

ಬಾಳೆಯ ವಿಷಯ ನಿನ್ನ ಹತ್ತಿರ ಮಾತಾಡುವುದಿದೆ. ಎದುರಿಗೆ ಕುಳಿತಾಗ ಹೇಳುತ್ತೇನೆ.

ನಿನ್ನ,
ಭಾಗ್ಯ

*

ಕಮಲಾಪುರ
೧೮ ನವೆಂಬರ್ ೨೦೨೪

ಚಿರಂಜೀವಿ ಭಾಗ್ಯಳಿಗೆ ಅಪ್ಪನ ಆಶೀರ್ವಾದಗಳು.

ನಿನ್ನ ಕಾಗದವನ್ನು ನಿಂತು ಓದಿದೆ, ಆಮೇಲೆ ಕುಳಿತು ಓದಿದೆ. ನಿನ್ನ ಅವ್ವ ಅನ್ನಮ್ಮ ಏನಾಯಿತು ಎಂದು ಕೇಳಿದರೆ ಕಾಗದವನ್ನೇ ಕೈಗೆ ಕೊಟ್ಟೆ. ಅವಳು ಈಗಾಗಲೇ ಹಸಿರು ಸೀರೆಗಾಗಿ ಕಲಬುರಗಿಯ ಸೂಪರ್ ಮಾರ್ಕೆಟ್ ತಿರುಗಿ ಬಂದಿದ್ದಾಳೆ.

ಇಬ್ಬರೂ ಬರ್ರಿ. ನಾನು ಬಹಳ ವಿಚಾರ ಮಾಡಿದೆ. ಮೀನು ತಿನ್ನುವ ಮನೆತನ ಎಂಬುದು ನನ್ನ ಗಂಟಲಲ್ಲಿ ಮುಳ್ಳಾಗಿತ್ತು, ಸುಳ್ಳು ಯಾಕೆ ಹೇಳಲಿ. ಆದರೆ ಬಾಳೆ ಮಾಡುವವನಲ್ಲಿ ಕೆಟ್ಟದ್ದು ಬಹಳ ಇರುವುದಿಲ್ಲ. ನಿನ್ನೆ ಮಹಾಗಾಂವಕ್ಕೆ ಹೋಗಿ ನಿನ್ನ ದೊಡ್ಡಪ್ಪ ರೇವಣಪ್ಪನ ಮುಂದೆ ಹೇಳಿಯೇ ಬಂದೆ. ಅಳಿಯ ಸಮುದ್ರದ ದಂಡೆಯಲ್ಲಿ, ಉಪ್ಪುನೀರಿನಲ್ಲಿ, ಬಾಳೆ ಮಾಡುತ್ತಾನೆ ಎಂದೆ. ದೊಡ್ಡಪ್ಪ ತಲೆ ತೂಗಿ, ಹಂಗಾದ್ರ ಮನಶಾ ಚಲೋನೇ ಇರಬೇಕು ಎಂದ. ಓಣಿಯವರಿಗೂ ಹೇಳಿದ್ದೇನೆ. ಮಠದ ಅಯ್ಯನವರಿಗೂ ಹೇಳಿದ್ದೇನೆ.

ಕೆಂಪು ಬಾಳೆಯ ಕಂದುಗಳನ್ನು ಗೋಣಿಚೀಲದಲ್ಲಿ ಕಟ್ಟಿ ಬಸ್ಸಿಗೆ ಹಾಕಿಸಿದ್ದೇನೆ. ಸಿಹಿನೀರಿನಲ್ಲಿ ನೆಡಲು ಹೇಳು. ಉಪ್ಪುನೀರು ಮುಟ್ಟಿಸಿದರೆ ನಾನು ಅಲ್ಲಿಗೇ ಬರುತ್ತೇನೆ.

ನಿನ್ನ ಅಪ್ಪ,
ಅಣವೀರಪ್ಪ

*

ಕಾರವಾರ
೨ ಡಿಸೆಂಬರ್ ೨೦೨೪

ಪೂಜ್ಯ ಮಾವನವರಿಗೆ,

ಇಬ್ಬರೂ ಬರ್ರಿ ಎಂದು ನೀವು ಬರೆದ ಸಾಲನ್ನು ಭಾಗ್ಯ ನನಗೆ ತೋರಿಸಿದಳು. ಉಳಿದದ್ದನ್ನು ತೋರಿಸಲಿಲ್ಲ, ನನಗೆ ಅಷ್ಟೇ ಸಾಕಾಯಿತು. ಬಾಳೆಕಂದುಗಳನ್ನು ಮನೆಯ ಹಿಂದೆ ನೆಟ್ಟಿದ್ದೇನೆ. ಇಷ್ಟು ದೂರದಿಂದ ಗಿಡ ಕಳಿಸಬೇಕೆಂದು ನಿಮಗೆ ಹೊಳೆದದ್ದೇ ದೊಡ್ಡದು. ನಮ್ಮ ಅಂಗಳಕ್ಕೆ ಇವೇ ಮೊದಲ ಗಿಡಗಳು.

ಸ್ಟೀಲ್ ತಂತಿಯ ಗುಣ ಏನು ಹೇಳಲಿ. ತುಕ್ಕೂ ಇಲ್ಲ, ಗಂಟು ಬಿಚ್ಚಿದ್ದೂ ಇಲ್ಲ. ಶನಿವಾರ ಸಂಜೆ ಒಂದರ ಹಿಂದೆ ಒಂದು ಬಾಳೆ ಬಂತು. ಸಂತೋಷದಲ್ಲಿ ಸ್ವಲ್ಪ ಮೈಮರೆತೆ. ಒಂದರ ಬಾಯಿಂದ ತಂತಿ ಬಿಡಿಸುತ್ತಿದ್ದಾಗ ಆ ಬಾಳೆ ನನ್ನ ಹೆಬ್ಬೆರಳು ಕಚ್ಚಿತು. ಭಾಗ್ಯಳೇ ಹೊಲಿಗೆ ಹಾಕಿದಳು. ಚಿಂತೆಗೆ ಕಾರಣವಿಲ್ಲ. ಬಾಳೆಯದೇನೂ ತಪ್ಪಿಲ್ಲ, ಪ್ರಾಣ ಯಾರಿಗೆ ಬೇಡ.

ಕುಬಸಕ್ಕೆ ಬರುವಾಗ ಏನು ತರಲಿ?

ತಮ್ಮ,
ದಿಲೀಪ

*

ಕಮಲಾಪುರ
೧೨ ಡಿಸೆಂಬರ್ ೨೦೨೪

ಭಾಗ್ಯಳಿಗೆ,

ನಿನ್ನ ಗಂಡನ ಕಾಗದ ಬಂತು. ಬಾಳೆ ಹೆಬ್ಬೆರಳು ಕಚ್ಚಿತು ಎಂದು ಬರೆದಿದ್ದಾನೆ. ಉಪ್ಪುನೀರು ತಲೆಗೇರಿದೆ ಎಂದು ತಿಳಿದು ನನಗೆ ಅಯ್ಯೋ ಅನಿಸಿತು. ಒಳ್ಳೆಯ ಡಾಕ್ಟರ ಹೆಸರು ಕೇಳಲೆಂದು ಜಹೀರುದ್ದೀನನ ಅಂಗಡಿಗೆ ಹೋಗಿ ಕಾಗದ ಓದಿಸಿದೆ. ಅವನು ಕಚ್ಚಿತು ಎನ್ನುವತನಕ ಓದಿ ಸ್ಟೂಲಿನಿಂದ ಕೆಳಗೆ ಬಿದ್ದ. ಬಿದ್ದವನು ಏಳಲಿಲ್ಲ, ಟೈರುಗಳ ನಡುವೆ ಮಲಗಿಯೇ ನಗುತ್ತಿದ್ದ. ಅವನ ಹೆಂಡತಿ ಖುರ್ಷೀದ್ ಬೇಗಂ ನೀರು ತಂದಳು, ಅವಳೂ ಓದಿ ಅಲ್ಲಿಯೇ ಕುಳಿತಳು. ಕೊನೆಗೆ ಜಹೀರ ಕಣ್ಣೊರೆಸಿಕೊಂಡು ಹೇಳಿದ: ‘ಅಣವೀರಪ್ಪ, ಅದು ಮೀನ ಅದ ಮಾರಾಯ. ಮೊದಲಿಂದಾ ಮೀನೇ ಅದ.’

ಬೆಳಿಗ್ಗೆ ಲಿಂಗಪೂಜೆ ಮಾಡುವ ಕೈ ಇದು. ಈ ಕೈಯಿಂದ ಮೀನಿನ ಉರುಳು ಹೆಣೆಸಿದಿರಿ. ಸ್ಟೀಲಿನದು, ತುಕ್ಕು ಹಿಡಿಯದ್ದು, ನಾನೇ ಆರಿಸಿ ತಂದದ್ದು. ಎಷ್ಟು ಜೀವ ಹೋದವೋ. ಊರಿಗೆಲ್ಲ ನನ್ನ ಅಳಿಯನದು ಬಾಳೆ ಎಂದು ಡಂಗುರ ಸಾರಿದ್ದೇನೆ. ಇನ್ನು ನಾನು ಬಸವನ ಗುಡಿಯ ಕಟ್ಟೆಯ ಮುಂದೆ ಹೇಗೆ ಹಾಯ್ದು ಹೋಗಲಿ? ಜಹೀರನಿಗೆ ಗೊತ್ತಿತ್ತು, ನಿನಗೆ ಗೊತ್ತಿತ್ತು, ನನ್ನ ಹೆಂಡತಿಗೂ ಗೊತ್ತಿತ್ತಂತೆ. ಗೊತ್ತಿಲ್ಲದ ಹುಚ್ಚ ನಾನೊಬ್ಬ.

ಕುಬಸಕ್ಕೆ ನೀನು ಬಾ. ಅವನು ಬೇಡ.

ಅಣವೀರಪ್ಪ

*

ಕಾರವಾರ
೨೦ ಡಿಸೆಂಬರ್ ೨೦೨೪

ಅಪ್ಪಾ,

ಇವರಿಗೆ ಗೊತ್ತಿರಲಿಲ್ಲ. ನೀನು ತೋಟದ ಬಾಳೆ ಎಂದು ತಿಳಿದಿದ್ದೀ ಎಂದು ಇವರು ಕನಸಿನಲ್ಲೂ ಎಣಿಸಿರಲಿಲ್ಲ. ನಿನ್ನ ಕಾಗದಗಳನ್ನೆಲ್ಲ ಈಗ ಓದಿ ಎರಡು ದಿನ ಕೆಲಸಕ್ಕೆ ಹೋಗಲಿಲ್ಲ. ನನ್ನ ಮೇಲಿನ ಸಿಟ್ಟಲ್ಲ, ನಿನಗೆ ನೋವಾಯಿತಲ್ಲ ಎಂದು. ಮೀನು ಎಂಬ ಶಬ್ದ ಬಿಟ್ಟದ್ದು ನಿನ್ನ ಮೇಲಿನ ಗೌರವಕ್ಕೆ. ಮೋಸ ಮಾಡಿದ್ದರೆ ನಾನು ಮಾಡಿದ್ದೇನೆ, ಬೈಯುವುದಿದ್ದರೆ ನನ್ನನ್ನು ಬೈ. ನೀನು ಬರೆಯುವುದು ನಿಂತುಬಿಟ್ಟರೆ ಎಂದು ಹೆದರಿದೆ.

ನಾನೊಬ್ಬಳೇ ಬರುವುದಿಲ್ಲ. ಕುಬಸವನ್ನು ಇಲ್ಲಿಯೇ ನೆರೆಮನೆಯವರು ಮಾಡುತ್ತಾರಂತೆ.

ಭಾಗ್ಯ

*

ಕಾರವಾರ
೧೮ ಜನವರಿ ೨೦೨೫

ಮಾನ್ಯರೇ,

ಒಂದು ತಿಂಗಳಿನಿಂದ ನಿಮ್ಮ ಕಡೆಯಿಂದ ಕಾಗದವಿಲ್ಲ. ನಿರೀಕ್ಷಿಸುವ ಹಕ್ಕು ನನಗೂ ಇಲ್ಲ. ಕ್ಷಮೆ ಕೇಳಿ ಬರೆದ ಕಾಗದಗಳನ್ನು ಹರಿದು ಹಾಕಿದೆ, ಎಲ್ಲದರಲ್ಲೂ ಮೀನು ಎಂಬ ಶಬ್ದ ಬರುತ್ತಿತ್ತು.

ನೀವು ಕಳಿಸಿದ ತಂತಿಗಳನ್ನು ಒರೆಸಿ ಎತ್ತಿಟ್ಟಿದ್ದೇನೆ. ನಿಮ್ಮ ಮನಸ್ಸಿಗೆ ವಿರುದ್ಧವಾಗಿ ಅವನ್ನು ನೀರಿಗೆ ಹಾಕುವುದಿಲ್ಲ. ಹಿಡಿಯುವುದನ್ನು ಮಾತ್ರ ಬಿಟ್ಟಿಲ್ಲ. ಬಿಟ್ಟೆ ಎಂದು ನಿಮಗೆ ಸುಳ್ಳು ಬರೆಯಲಾರೆ, ಅದು ನನ್ನ ಅಪ್ಪ ಕಲಿಸಿದ್ದು. ಈಗ ನಿಮ್ಮದನ್ನು ಎದುರಿಗಿಟ್ಟುಕೊಂಡು ನಾನೇ ತಂತಿ ಸುತ್ತುತ್ತಿದ್ದೇನೆ. ನೋಡಲು ಹಾಗೆಯೇ ಕಾಣುತ್ತದೆ. ಆದರೆ ಜೋರಾಗಿ ಎಳೆದ ಕೂಡಲೇ ಜಾರಿ ಬಿಚ್ಚಿಕೊಳ್ಳುತ್ತದೆ. ಒಂದನ್ನು ಇದರ ಜೊತೆ ಇಟ್ಟಿದ್ದೇನೆ. ತಪ್ಪು ಎಲ್ಲಿದೆ ಎಂದು ನಿಮ್ಮನ್ನು ಬಿಟ್ಟು ಯಾರನ್ನು ಕೇಳಲಿ ತಿಳಿಯಲಿಲ್ಲ. ಉತ್ತರ ಬರೆಯದಿದ್ದರೂ ಬೇಸರವಿಲ್ಲ.

ಭಾಗ್ಯ ಆರೋಗ್ಯವಾಗಿದ್ದಾಳೆ. ಇಲ್ಲಿ ಎಲ್ಲರೂ ಅವಳನ್ನು ಚೆನ್ನಾಗಿ ನೋಡಿಕೊಳ್ಳುತ್ತಾರೆ. ಆದರೂ ಸಂಜೆಯ ಹೊತ್ತು ನಿಮ್ಮ ಮನೆಯ ಪಡಸಾಲೆ ಹೇಗಿದೆ, ಕಂಬ ಎಲ್ಲಿದೆ ಎಂದೆಲ್ಲ ನನಗೆ ವಿವರಿಸುತ್ತಾಳೆ.

ದಿಲೀಪ

*

ಕಮಲಾಪುರ
೩೦ ಜನವರಿ ೨೦೨೫

ದಿಲೀಪನಿಗೆ,

ನಿನ್ನ ತಂತಿ ನೋಡಿದೆ. ಇದು ಗಂಟೋ, ಕೋಳಿ ಕೆದರಿದ ಕಸವೋ? ಎಂಜಿನ್ ಬಿಚ್ಚಿ ಜೋಡಿಸುವವನ ಕೈಯಲ್ಲಿ ಇಂಥದ್ದು ಬರುತ್ತದೆ ಎಂದರೆ ನಿಮ್ಮ ಬೋಟುಗಳು ದಂಡೆಗೆ ಮರಳುವುದೇ ಆಶ್ಚರ್ಯ. ಉತ್ತರ ಬರೆಯಬಾರದು ಎಂದಿದ್ದೆ. ಆದರೆ ಇದು ಕಪಾಟಿನಲ್ಲಿದ್ದರೆ ಕಪಾಟು, ದಿಂಬಿನ ಕೆಳಗಿದ್ದರೆ ದಿಂಬು ಚುಚ್ಚುತ್ತಿತ್ತು. ಬಿಚ್ಚಿ ನೋಡುವತನಕ ಸಮಾಧಾನವಾಗಲಿಲ್ಲ.

ನೀನು ಒಂದು ಎಳೆಯನ್ನು ನೆಟ್ಟಗೆ ಬಿಟ್ಟು, ಇನ್ನೊಂದನ್ನು ಅದರ ಮೇಲೆ ಸುತ್ತುತ್ತಿದ್ದೀ. ಅದಕ್ಕೇ ಜಾರುತ್ತದೆ. ಮೊದಲು ಹೆಳಲು, ಆಮೇಲೆ ಬಳೆ. ಹೆಳಲು ಹೆಣೆಯುವಾಗ ಎರಡೂ ಎಳೆ ಒಂದರ ಮೇಲೊಂದು ಬಾಗಬೇಕು. ಒಂದು ಬಾಗಿ ಒಂದು ಸೆಟೆದು ನಿಂತರೆ ಅದು ಹೆಣಿಗೆಯಲ್ಲ. ಎರಡೂ ಬಾಗಿ ನಾಲ್ಕಾರು ಸುತ್ತು ಬಂದ ಮೇಲೆ, ಒಂದು ಎಳೆಯನ್ನು ಅಡ್ಡ ತಿರುಗಿಸಿ ಬಳೆ ಇಟ್ಟ ಹಾಗೆ ಒತ್ತೊತ್ತಾಗಿ ಸುತ್ತಬೇಕು. ತುದಿಯನ್ನು ಪಕ್ಕಡಿನಿಂದ ಕತ್ತರಿಸಬಾರದು, ಚೂಪು ಉಳಿಯುತ್ತದೆ. ಹಿಂದೆ ಮುಂದೆ ಆಡಿಸಿದರೆ ತಾನೇ ಮುರಿಯುತ್ತದೆ, ಬೆರಳಿಗೆ ತಾಗುವುದಿಲ್ಲ. ನಿನ್ನ ಹೆಬ್ಬೆರಳು ಮೊದಲೇ ಹೊಲಿಗೆ ಹಾಕಿಸಿಕೊಂಡದ್ದು.

ಇದನ್ನು ಬರೆದು ಮುಗಿಸಿ ಹೊರಗೆ ಹೋಗಿ ಬಹಳ ಹೊತ್ತು ಕುಳಿತೆ. ಎರಡೂ ಬಾಗಬೇಕು ಎಂದು ಬರೆದವನು ನಾನೇ. ಅನ್ನಮ್ಮನಿಗೆ ಓದಿ ಹೇಳಿದರೆ ಅವಳು ನನ್ನ ಮುಖವನ್ನೇ ನೋಡಿದಳು. ಎರಡು ವರ್ಷದಿಂದ ಈ ಮನೆಯಲ್ಲಿ ಸೆಟೆದು ನಿಂತವನು ಯಾರು ಎಂದು ಅವಳು ಹೇಳಬೇಕಾಗಿಯೂ ಇರಲಿಲ್ಲ.

ಕಾಗದದಲ್ಲಿ ಕೈ ಕಲಿಸಲು ಆಗುವುದಿಲ್ಲ. ಫೆಬ್ರುವರಿ ಹದಿನಾಲ್ಕಕ್ಕೆ ಕುಬಸ ಇಟ್ಟಿದ್ದೇನೆ. ಭಾಗ್ಯಳನ್ನು ಕರೆದುಕೊಂಡು ಬಾ. ಆ ದೂರದ ಬಸ್ಸಿನಲ್ಲಿ ಅವಳಿಗೆ ಕಿಟಕಿಯ ಸೀಟು ಕೊಡಿಸು. ಕಲಬುರಗಿ ಬಸ್‌ಸ್ಟ್ಯಾಂಡಿಗೆ ನಾನೇ ಬರುತ್ತೇನೆ.

ಮೀನಿನ ವಿಷಯದಲ್ಲಿ ನನ್ನ ಮನಸ್ಸು ಬದಲಾಗಿಲ್ಲ. ಅದು ಬೇರೆ.

ನಿನ್ನ ಮಾವ,
ಅಣವೀರಪ್ಪ

*

ಕಮಲಾಪುರ
೧೭ ಫೆಬ್ರುವರಿ ೨೦೨೫

ಪ್ರೀತಿಯ ನಿಮಗೆ,

ನೀವು ಕಾರವಾರ ಮುಟ್ಟಿದ ಸುದ್ದಿ ಫೋನಿನಲ್ಲಿ ಕೇಳಿದೆ. ಇದನ್ನು ಮಾತ್ರ ಫೋನಿನಲ್ಲಿ ಹೇಳುವ ಹಾಗಿಲ್ಲ. ಅಪ್ಪ ಹಗಲೆಲ್ಲ ನನ್ನ ಮಂಚದ ಹತ್ತಿರವೇ ಕುರ್ಚಿ ಹಾಕಿಕೊಂಡು ಕೂಡುತ್ತಾನೆ. ಈ ಮಾತು ನಿಮಗೆ ಹೇಳಬಾರದೆಂದು ನನಗೂ ಅವ್ವನಿಗೂ ತಾಕೀತು ಮಾಡಿದ್ದಾನೆ. ಹೇಳದಿದ್ದರೆ ನನಗೆ ನಿದ್ದೆ ಬರುವುದಿಲ್ಲ.

ಕುಬಸದ ದಿನ ಪಂಕ್ತಿಗೆ ಎಲೆ ಹಾಕುತ್ತಿದ್ದಾಗ ನೀವು ಜಹೀರ್ ಚಾಚಾನ ಟೆಂಪೋದಿಂದ ನೀರಿನ ಕ್ಯಾನು ಇಳಿಸಲು ಹೋಗಿದ್ದಿರಿ. ದೊಡ್ಡಪ್ಪ ರೇವಣಪ್ಪ ಮೊದಲ ಎಲೆಗೆ ಕುಳಿತಿದ್ದ. ಅವನ ಪಕ್ಕದಲ್ಲಿ ಮಹಾಗಾಂವದವರೆಲ್ಲ ಕುಳಿತಿದ್ದರು. ಅಪ್ಪನ ಪಕ್ಕದ ಎಲೆ ಖಾಲಿ ಇತ್ತು, ಅದು ನಿಮ್ಮದು. ದೊಡ್ಡಪ್ಪ ಮೀಸೆ ತಿರುವುತ್ತ, ಎಲ್ಲರಿಗೂ ಕೇಳುವ ಹಾಗೆ ಅಪ್ಪನನ್ನು ಕೇಳಿದ: ‘ಅಳಿಯಂದು ಬಾಳಿ ತ್ವಾಟ ಎಷ್ಟ ಎಕರೆ ಅದನೋ?’

ಅಪ್ಪ ಯಾರ ಮುಂದೆಯೂ ನಿಜ ಹೇಳಿರಲಿಲ್ಲ. ಒಂದು ಅಂಕಿ ಹೇಳಿದ್ದರೆ ಮುಗಿಯುತ್ತಿತ್ತು. ಬಾಗಿಲಲ್ಲಿ ನಿಂತ ಚಾಚಾ ಎರಡು ಬೆರಳು ಎತ್ತಿ ತೋರಿಸಿ, ಎರಡು ಎಕರೆ ಎಂದು ಬಿಡು ಎಂದು ಸನ್ನೆ ಮಾಡಿದ. ಅವ್ವ ಹೋಳಿಗೆಯ ಬುಟ್ಟಿ ಹಿಡಿದು ಹಾಗೆಯೇ ನಿಂತಳು. ಅಪ್ಪ ನನ್ನ ಕಡೆ ನೋಡಲಿಲ್ಲ, ಚಾಚಾನ ಕಡೆಯೂ ನೋಡಲಿಲ್ಲ.

‘ತ್ವಾಟ ಇಲ್ಲಣ್ಣ,’ ಅಂದ. ‘ನಾನೇ ತಪ್ಪು ತಿಳ್ಕೊಂಡಿದ್ದೆ. ಅಂವ ಮೀನ ಹಿಡೀತಾನ, ಮೀನ ತಿಂತಾನ. ಹಿಡಿಯೋ ತಂತಿ ನಾನೇ ಮಾಡಿ ಕೊಟ್ಟೀನಿ. ಅಂವ ನನ್ನ ಮಗ್ಗಲಿಗೆ ಕುಂತು ಉಣ್ತಾನ. ನಿಮಗ ಬ್ಯಾಡಂದ್ರ ನಿಮ್ಮ ಎಲಿ ಒಳಗ ಹಾಕಸ್ತೀನಿ.’

ಅಷ್ಟರಲ್ಲಿ ನೀವು ಹೆಗಲ ಮೇಲೆ ಕ್ಯಾನು ಹೊತ್ತು, ಪ್ಯಾಂಟು ಒದ್ದೆ ಮಾಡಿಕೊಂಡು ಒಳಗೆ ಬಂದು, ಎಲ್ಲರೂ ಯಾಕೆ ನನ್ನನ್ನೇ ನೋಡುತ್ತಿದ್ದಾರೆ ಎಂದು ನನಗೆ ಕಣ್ಣಿನಲ್ಲಿ ಕೇಳಿದಿರಿ. ನಾನು ಏನೂ ಇಲ್ಲ ಎಂದು ತಲೆ ಅಲ್ಲಾಡಿಸಿದೆ. ಅಪ್ಪ ಪಕ್ಕದ ಮಣೆ ತಟ್ಟಿ, ಕೂಡು ಬಾ ಅಂದ. ಆಮೇಲೆ ನಡೆದದ್ದು ನಿಮಗೆ ಗೊತ್ತು. ದೊಡ್ಡಪ್ಪ ಬಹಳ ಹೊತ್ತು ಎಲೆಯನ್ನು ನೋಡಿ, ಕೊನೆಗೆ ತುಪ್ಪ ಕಡಿಮೆ ಬಿತ್ತು ಎಂದು ಅವ್ವನನ್ನು ಗದರಿದನಲ್ಲ, ಅದು ಅವನ ಒಪ್ಪಿಗೆ. ನೀವು ಪಾಪ, ತುಪ್ಪ ನಿಮ್ಮಿಂದಲೇ ಕಡಿಮೆಯಾಯಿತು ಎಂದು ತಿಳಿದು ನಿಮ್ಮ ಬಟ್ಟಲನ್ನು ಅವನ ಕಡೆ ಸರಿಸಿದಿರಿ. ಅವನು ಅದನ್ನೂ ಸುರುವಿಕೊಂಡ.

ರಾತ್ರಿ ಎಲ್ಲರೂ ಹೋದ ಮೇಲೆ ನಾನು ಅಪ್ಪನ ಕಾಲ ಹತ್ತಿರ ಕುಳಿತು, ಯಾಕೆ ಹಾಗೆ ಹೇಳಿದೆ, ಸುಮ್ಮನೆ ಎರಡು ಎಕರೆ ಅನ್ನಬಹುದಿತ್ತಲ್ಲ ಎಂದು ಕೇಳಿದೆ. ಅವನು ತಲೆ ಎತ್ತದೆ ಹೇಳಿದ: ‘ಇಲ್ಲದ ತ್ವಾಟದ ಅಳಿಯನ್ನ ಅವರಿಗೆ ಯಾಕ ತೋರಸಲಿ? ಬಂದಾಂವ ಇಂವ ಇದ್ದಾನಲ್ಲ.’

ನನಗೆ ಬಹಳ ಅಳು ಬಂತು. ಈಗ ಬರೆಯುವಾಗಲೂ ಬರುತ್ತಿದೆ. ಬೇಗ ಬನ್ನಿ.

ನಿಮ್ಮ,
ಭಾಗ್ಯ